ಬರೀ ಕ್ಯಾರಿಯರ್

"ಮೇಡಂ... ಮೇಡಂ! ಊಟದ ಹೊತ್ತಾಯ್ತು, ಅಂಗಡಿ ಬಾಗಿಲು ಹಾಕಬೇಕು!"

ಅವಳು ಕಣ್ಣು ಬಿಟ್ಟಳು. ಒಂದು ಗಂಡಸಿನ ಮುಖ ಅವಳ ಮೇಲೆ ಬಾಗಿತ್ತು. ಹುಬ್ಬು, ಮೀಸೆ, ಕಿವಿಯ ಅಂಚು, ಎಲ್ಲದಕ್ಕೂ ಬಿಳಿ ಸ್ಪಂಜಿನ ಪುಡಿ ಮೆತ್ತಿಕೊಂಡಿತ್ತು.

ದಡಬಡಿಸಿ ಎದ್ದು ಕೂತಳು. ಒಂದು ಕ್ಷಣ ತಾನೆಲ್ಲಿದ್ದೇನೆ ಎಂದೇ ಹೊಳೆಯಲಿಲ್ಲ. ಹೊಳೆದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಸಿಗೆ ಅಂಗಡಿ! ತಮ್ಮನಿಗೆ ಹಾಸಿಗೆ ನೋಡಲು ಬಂದವಳು, ಗಟ್ಟಿಯೋ ಮೆತ್ತಗೋ ನೋಡೋಣ ಎಂದು ಒಂದರ ಮೇಲೆ ಬೆನ್ನು ಚಾಚಿದ್ದಳು. ಅಲ್ಲಿಂದಾಚೆ ಏನೂ ನೆನಪಿಲ್ಲ.

"ತುಂಬಾ ಹೊತ್ತಾಯ್ತಾ?"

"ನಿಮ್ಮ ನಂತರ ಬಂದೋರು ಹಾಸಿಗೆ ತಗೊಂಡು ಮನೆ ಸೇರಿರಬೇಕು."

"ಎಬ್ಬಿಸೋದಲ್ವಾ!"

"ಎಬ್ಬಿಸೋಕೆ ಬಂದೆ. ಅಷ್ಟರಲ್ಲಿ ಒಬ್ಬರು ಗಿರಾಕಿ, 'ಇವರು ಮಲಗಿದ್ದಾರಲ್ಲ, ಆ ಥರದ್ದೇ ಕೊಡಿ' ಅಂದ್ರು. ಆಮೇಲೆ ಬಂದೋರೂ ಅದನ್ನೇ ಕೇಳಿದ್ರು. ನಮ್ಮ ಸಾಹುಕಾರರು, 'ಸುಮ್ನಿರೋ, ಪಾಪ ಮಲಗಲಿ' ಅಂದ್ಬಿಟ್ರು."

ಅವಳಿಗೆ ಸಿಟ್ಟು ಮಾಡಿಕೊಳ್ಳುವ ಆಸೆಯೇನೋ ಇತ್ತು. ತ್ರಾಣ ಇರಲಿಲ್ಲ. ಚಪ್ಪಲಿ ಹುಡುಕಿದಳು. ಅವನೇ ಕಾಲಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿದ.

"ಹಾಸಿಗೆ ನಿಮಗಾ?"

"ಅಲ್ಲ, ನನ್ನ ತಮ್ಮನಿಗೆ."

"ನನ್ನ ಕೇಳಿದ್ರೆ, ಬೇಕಾಗಿರೋದು ನಿಮಗೆ."

ಎಂಥ ಸಾಮಾನ್ಯ ಮಾತು! ವ್ಯಾಪಾರದ ಮಾತೇ ಇರಬಹುದು. ಆದರೂ ಅವಳಿಗೆ ಅದು ನಾಟಿತು. 'ನಿನಗೇನು ಬೇಕು' ಎಂದು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ...

ತಮ್ಮನ ಮಂಚದ ಅಳತೆ, ಮನೆಯ ವಿಳಾಸ ಹೇಳಿ ಹೊರಗೆ ಬಂದಳು. ಬೆನ್ನ ಹಿಂದೆ ಕೆಲಸದವರಲ್ಲಿ ಯಾರೋ, "ನಿದ್ದೆ ಮೇಡಂ ಹೋದ್ರಾ?" ಎಂದು ಕೇಳಿ ನಕ್ಕಿದ್ದು ಅವಳಿಗೆ ಕೇಳಿಸಲಿಲ್ಲ. ಈಚೆಗೆ ಇಂಥವು ಎಷ್ಟೋ ಅವಳಿಗೆ ಕೇಳಿಸುತ್ತಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದುದು ಲಾಂಡ್ರಿಯ ಕೌಂಟರಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಪಕ್ಕದಲ್ಲೇ ಇಸ್ತ್ರಿ ಯಂತ್ರದ ಹಬೆ ಬುಸುಗುಡುತ್ತಿತ್ತು. ಕಿವಿ ಮಂದವಾಗಿದ್ದು ಅದರಿಂದಲೇ ಎಂದು ಅವಳು ನಂಬಿದ್ದಳು.

ಸುಸ್ತಿಗೂ ಅವಳ ಬಳಿ ಕಾರಣ ಸಿದ್ಧವಿತ್ತು. ಮನೆಯ ಕೆಲಸ, ಲಾಂಡ್ರಿ, ಆಸ್ಪತ್ರೆಯ ಓಡಾಟ. ಇಷ್ಟಿದ್ದ ಮೇಲೆ ಯಾರಿಗೆ ತಾನೇ ಸುಸ್ತಾಗುವುದಿಲ್ಲ?

*

ಹಾಸಿಗೆಯನ್ನು ಅವನೇ ಹೊತ್ತು ತಂದ. ಮೆಟ್ಟಿಲು ಕಿರಿದು, ಹಾಸಿಗೆ ಅಗಲ. ಪ್ರತಿ ತಿರುವಿನಲ್ಲೂ ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅವಳು ಮೇಲಿನಿಂದ ಎಳೆದಳು, ಅವನು ಕೆಳಗಿನಿಂದ ತಳ್ಳಿದ. ಬಾಗಿಲು ಮುಟ್ಟುವ ಹೊತ್ತಿಗೆ ಅವಳು ಗೋಡೆ ಹಿಡಿದು ನಿಂತುಬಿಟ್ಟಳು. ಉಸಿರು ಸಿಗುತ್ತಿರಲಿಲ್ಲ.

ಹೊತ್ತವನಿಗಿಂತ ಹೆಚ್ಚು ಇವಳಿಗೇ ಸುಸ್ತಾಗಿದೆಯಲ್ಲ ಎಂದು ಅವನು ನೋಡಿದ.

ಒಳಗೆ ತಮ್ಮ ಕುರ್ಚಿಯಲ್ಲಿ ಕೂತಿದ್ದ. ಎಡತೋಳಿನಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಎರಡೂ ಕಿವಿಗೆ ಶ್ರವಣಯಂತ್ರ. ಮುಖ ಬಾಡಿದ್ದರೂ ಬಾಯಿ ಮಾತ್ರ ಚುರುಕು.

"ಓ, ನಮ್ಮಕ್ಕನ್ನ ಮಲಗಿಸಿದ ಹಾಸಿಗೆಯವರು ನೀವೇನಾ? ಮನೇಲಿ ಅವಳು ಮಲಗಿದ್ದನ್ನ ನಾವು ನೋಡೇ ಇಲ್ಲ. ಅಂಗಡಿಗೆ ಟಿಕೆಟ್ ಇಟ್ಟಿದ್ರೆ ಅಮ್ಮನೂ ನಾನೂ ಬರ್ತಿದ್ವಿ."

"ಬಾಯಿ ಮುಚ್ಚೋ!" ಎಂದಳು ಅಕ್ಕ.

ಅಮ್ಮ ಟೀ ತಂದಳು. ಹೊಸಬರು ಸಿಕ್ಕರೆ ಅಮ್ಮನಿಗೆ ಹೇಳಲು ಇದ್ದದ್ದು ಒಂದೇ ಕಥೆ. "ಇದು ನಮ್ಮ ತವರಿನ ಕಾಯಿಲೆಯಪ್ಪ. ನನ್ನ ಅಣ್ಣಂದಿರು ಇಬ್ರೂ ಇದರಲ್ಲೇ ಹೋದ್ರು. ಮೂತ್ರಪಿಂಡ ಹೋಗುತ್ತೆ, ಕಿವಿ ಹೋಗುತ್ತೆ. ಗಂಡುಮಕ್ಕಳ ಕಾಯಿಲೆ. ಹೆಣ್ಣುಮಕ್ಕಳಿಗೆ ಏನೂ ಮಾಡಲ್ಲ, ಸದ್ಯ ಅದೊಂದು ಪುಣ್ಯ."

ಅವನು ಹಾಸಿಗೆಯ ಹೊದಿಕೆ ಎಳೆದು ಸರಿಮಾಡುತ್ತಿದ್ದ. ಅರ್ಧ ಕೇಳಿಸಿಕೊಂಡ, ಅರ್ಧ ಬಿಟ್ಟ. ಅವನ ಗಮನವೆಲ್ಲ ಗೋಡೆಗೊರಗಿ ನಿಂತು ಇನ್ನೂ ಉಸಿರು ಹಿಡಿಯುತ್ತಿದ್ದ ಆ ಹುಡುಗಿಯ ಮೇಲಿತ್ತು.

ಆಮೇಲೆ ಹಾಸಿಗೆಯ ಮೂಲೆ ಬಿಚ್ಚಿದೆಯಾ ನೋಡಲು ಒಮ್ಮೆ ಬಂದ. ಬಿಚ್ಚಿರಲಿಲ್ಲ. ಸ್ಪಂಜು ಕುಸಿದಿದೆಯಾ ನೋಡಲು ಮತ್ತೊಮ್ಮೆ ಬಂದ. ಕುಸಿದಿರಲಿಲ್ಲ. ಮೂರನೇ ಸಲ ಕಾರಣವೇ ಸಿಗದೆ ಲಾಂಡ್ರಿಗೆ ಹೋಗಿ, ಒಗೆದು ಮಡಿಸಿದ ಶರ್ಟನ್ನೇ ಮತ್ತೆ ಒಗೆಯಲು ಕೊಟ್ಟ.

"ಇದು ಶುಚಿಯಾಗೇ ಇದೆಯಲ್ಲ!" ಎಂದಳು ಅವಳು.

"ಇನ್ನೊಂದ್ಸಲ ಶುಚಿ ಮಾಡಿ, ಏನೀಗ?"

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದರಿಂದ ಕೆನ್ನೆ ನೋವು ಬಂತು.

ಹೀಗೆ ಶುರುವಾಯಿತು. ಲಾಂಡ್ರಿ ಮತ್ತು ಹಾಸಿಗೆ ಅಂಗಡಿಯ ನಡುವಿನ ಬೀದಿಯಲ್ಲಿ ನಿಂತು ಟೀ ಕುಡಿಯುತ್ತಿದ್ದರು. ಅವನಿಗೆ ಅಪ್ಪ-ಅಮ್ಮ ಇರಲಿಲ್ಲ, ಸಾಕಿದ್ದು ಅಕ್ಕ. ಅವಳ ಮದುವೆಯಾದ ಮೇಲೆ ಅವನೊಬ್ಬನೇ ಬಾಡಿಗೆ ಕೋಣೆಯಲ್ಲಿ ಇದ್ದ. ಮಧ್ಯಾಹ್ನಕ್ಕೆ ಬ್ರೆಡ್ಡು, ಬಾಳೆಹಣ್ಣು.

"ಮನೆ ಊಟ ಮಾಡಿ ಎಷ್ಟು ದಿನ ಆಯ್ತು?" ಎಂದು ಅವಳು ಗದರಿದ್ದಳು. "ಈ ಬ್ರೆಡ್ಡಲ್ಲಿ ಏನಿರುತ್ತೆ? ನಿಮ್ಮ ಸ್ಪಂಜಿಗೂ ಅದಕ್ಕೂ ಏನು ವ್ಯತ್ಯಾಸ?"

"ಸ್ಪಂಜು ಇನ್ನೂ ಸ್ವಲ್ಪ ಮೆತ್ತಗಿರುತ್ತೆ."

ಒಂದು ದಿನ ಅವನು ಟೀ ಲೋಟದೊಳಗೆ ನೋಡುತ್ತಾ ಕೇಳಿದ. "ನಮ್ಮಕ್ಕನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ? ನಿಮ್ಮಮ್ಮನ ಹತ್ರ ಮಾತಾಡೋಕೆ..."

'ಹೂಂ' ಎಂಬ ಮಾತು ಅವಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

"ನಾಳೆ ಹೇಳ್ತೀನಿ."

ಇವನಿಗೆ ನಿಜ ಹೇಳಬೇಕು. ಹೇಳದೆ ಒಪ್ಪಿಕೊಂಡರೆ ಮೋಸ. ಹೇಳಿದ ಮೇಲೂ ಇವನು ಬರುತ್ತಾನಾ...? ಬಂದರೆ ಮಾತ್ರ ಬರಲಿ!

*

ಆ ನಿಜ ಏನೆಂದರೆ ಒಂದು ಪದ. ತಮ್ಮನಿಗೆ ಕಾಯಿಲೆ ಗೊತ್ತಾದ ವರ್ಷ ಹಳೆಯ ಡಾಕ್ಟರು ಅವಳ ತಲೆ ಸವರಿ ಹೇಳಿದ್ದರು: "ಈ ಹುಡುಗಿಗೆ ಏನೂ ಆಗಲ್ಲ. ಇವಳು ಬರೀ ಕ್ಯಾರಿಯರ್."

ಕಾಯಿಲೆಯ ಬೀಜ ಇವಳ ಮೈಯಲ್ಲಿದೆ, ಮಕ್ಕಳಿಗೆ ದಾಟಬಹುದು, ಇವಳನ್ನು ಮುಟ್ಟುವುದಿಲ್ಲ ಎಂದು ಅರ್ಥ. ಆ 'ಬರೀ' ಎಂಬ ಪದದ ಮೇಲೆ ಇಡೀ ಮನೆ ನಿಂತಿತ್ತು. ಮನೆಯಲ್ಲಿ ಗಟ್ಟಿಯಿರುವವಳು ಅವಳೊಬ್ಬಳೇ. ಆದ್ದರಿಂದ ದುಡಿಯುವವಳು ಅವಳು, ಆಸ್ಪತ್ರೆಗೆ ಕರೆದೊಯ್ಯುವವಳು ಅವಳು. ಅಪ್ಪ ಇಲ್ಲ, ಅಮ್ಮನಿಗೆ ಬಿಪಿ. ಆದ್ದರಿಂದ ತಮ್ಮನಿಗೆ ಮೂತ್ರಪಿಂಡ ಕೊಡಬೇಕಾದವಳೂ ಅವಳೇ. ಅದನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಅವಳೂ ಬೇಡ ಅಂದಿರಲಿಲ್ಲ.

ಮಾರನೇ ದಿನ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದಳು. ಸ್ಪಂಜು ಕತ್ತರಿಸುವ ಯಂತ್ರ ಕಿರ್ರೆನ್ನುತ್ತಿತ್ತು. ಅವನು ಅದರ ಎದುರು ನಿಂತಿದ್ದ.

"ನಿಮ್ಗೊಂದು ಹೇಳಬೇಕು," ಎಂದಳು.

"ಆಂ?"

"ನಮ್ಮ ತಮ್ಮನ ಕಾಯಿಲೆ... ಅದು ನನ್ನಲ್ಲೂ ಇದೆಯಂತೆ. ಅಂದ್ರೆ, ನನಗೇನೂ ಆಗಲ್ಲ. ನಾನು..." ಅವಳ ದನಿ ನಡುಗಿತು. ಅಷ್ಟರಲ್ಲಿ ಯಂತ್ರದ ಸದ್ದು ಒಂದಿಷ್ಟು ತಗ್ಗಿತು. "ನಾನು... ಕ್ಯಾರಿಯರ್."

ಅವನಿಗೆ ಕೇಳಿಸಿದ್ದು ಕೊನೆಯ ಎರಡು ಪದ ಮಾತ್ರ. ಬ್ರೆಡ್ಡು ತಿನ್ನುತ್ತೀರಲ್ಲ ಎಂದು ಬೈದ ಹುಡುಗಿ, ಈಗ ನಾಚಿಕೊಂಡು, 'ನಾನು ಕ್ಯಾರಿಯರ್' ಎನ್ನುತ್ತಿದ್ದಾಳೆ. ಊಟದ ಕ್ಯಾರಿಯರ್ ತರುತ್ತಾಳಂತೆ! ಅವನ ಮುಖ ಅರಳಿತು.

"ಅಯ್ಯೋ, ಇಷ್ಟಕ್ಕೆ ಹೀಗೆ ನಡುಗ್ತಿದ್ದೀರಾ? ನನಗೇನೂ ಅಭ್ಯಂತರ ಇಲ್ಲ. ನಿಜ ಹೇಳ್ಬೇಕು ಅಂದ್ರೆ ಖುಷಿನೇ!"

ಹೇಳಿ ಯಂತ್ರದ ಕಡೆ ತಿರುಗಿದ. ತಿರುಗಿದ ಮೇಲೆ, "ದಿನಾ ಬೇಡ, ನಿಮಗೆ ತೊಂದರೆ. ವಾರಕ್ಕೊಂದು ಸಲ ತಂದ್ರೆ ಸಾಕು," ಎಂದೂ ಸೇರಿಸಿದ. ಅದು ಅವಳ ಮಂದ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಇಬ್ಬರೂ ಅಲ್ಲೇ ನಕ್ಕು, ಅಲ್ಲೇ ಅತ್ತು, ಮುಗಿಸಿಬಿಡುತ್ತಿದ್ದರು.

'ಖುಷಿನೇ ಅಂದ!' ಅವಳು ಬೀದಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಡೆದಳು. ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಒಬ್ಬ ಮನುಷ್ಯ ಒಂದೇ ಮಾತಿನಲ್ಲಿ ಕೆಳಗಿಳಿಸಿದ್ದ.

ಮರುದಿನ ಅವನು ಬೀದಿಯ ಆ ಕಡೆಯಿಂದಲೇ ಕೂಗಿದ. "ಏನ್ರೀ, ಎಲ್ಲಿ ಕ್ಯಾರಿಯರ್?"

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎದುರಿಗೇ ನಿಂತಿದೆಯಲ್ಲ, ಕಾಣಿಸ್ತಿಲ್ವಾ?"

ಮರೆತು ಬಂದು ಹೇಗೆ ತೇಲಿಸುತ್ತಾಳೆ ನೋಡು ಎಂದು ಅವನು ನಕ್ಕ. ಊಟಕ್ಕಾಗಿ ಮತ್ತೆ ಮತ್ತೆ ಕೇಳಲು ಅವನಿಗೆ ನಾಚಿಕೆ. ಆ ಪದವನ್ನು ಇಷ್ಟು ಸಲೀಸಾಗಿ ಆಡುವವನೊಬ್ಬ ಸಿಕ್ಕನಲ್ಲ ಎಂದು ಅವಳಿಗೆ ಹೆಮ್ಮೆ. ಇಬ್ಬರೂ ಸುಖವಾಗಿದ್ದರು, ಬೇರೆ ಬೇರೆ ಕಾರಣಕ್ಕೆ.

*

ಅವಳು 'ಹೂಂ' ಅಂದ ಮೇಲೆ ಅವನ ಅಕ್ಕ ಬರುವ ದಿನ ನಿಗದಿಯಾಯಿತು. ಅದಕ್ಕೂ ಮೊದಲು ಮೂತ್ರಪಿಂಡ ಕೊಡಲು ಅವಳಿಗೆ ಆಗಬೇಕಿದ್ದ ತಪಾಸಣೆ ಮುಗಿಯಿತು. ವರದಿ ಕೇಳಲು ಅವಳೊಬ್ಬಳೇ ಹೋದಳು. ಡಾಕ್ಟರಮ್ಮ ಹೊಸಬರು, ನೇರ ಮಾತಿನವರು.

"ಕೂತ್ಕೊಳಮ್ಮ. ನೀನು ಕೊಡೋ ಹಾಗಿಲ್ಲ."

"ಯಾಕೆ? ರಕ್ತದ ಗುಂಪು ಹೊಂದುತ್ತಲ್ಲ?"

"ಗುಂಪು ಹೊಂದುತ್ತೆ. ನಿನ್ನ ಮೂತ್ರಪಿಂಡವೇ ಸರಿ ಇಲ್ಲ. ಮೂತ್ರದಲ್ಲಿ ರಕ್ತ ಇದೆ, ಕಣ್ಣಿಗೆ ಕಾಣದಷ್ಟು. ಪ್ರೋಟೀನ್ ಸೋರ್ತಿದೆ. ಸುಸ್ತಾಗಲ್ವಾ ನಿನಗೆ? ಕಿವಿ?"

"ಅದು ಹಬೆ... ಮೇಡಂ, ನಾನು ಬರೀ ಕ್ಯಾರಿಯರ್."

ಡಾಕ್ಟರಮ್ಮ ಕನ್ನಡಕ ತೆಗೆದರು. "ಆ ಪದವನ್ನ ನಾವೀಗ ಬಿಟ್ಟಿದ್ದೀವಿ. ಈ ದೋಷ ಇರೋದು ಎಕ್ಸ್ ವರ್ಣತಂತುವಿನಲ್ಲಿ. ಹುಡುಗರಿಗೆ ಅದು ಒಂದೇ. ಅದು ಕೆಟ್ಟರೆ ಮುಗೀತು, ಬೇಗ ಹೊಡೆತ ಬೀಳುತ್ತೆ. ಹೆಣ್ಣುಮಕ್ಕಳಿಗೆ ಎರಡು. ಒಂದು ಕೆಟ್ಟರೂ ಇನ್ನೊಂದು ನಿಭಾಯಿಸುತ್ತೆ ಅಂತ ಅಂದ್ಕೊಂಡಿದ್ವಿ. ಆದರೆ ಒಂದೊಂದು ಜೀವಕೋಶದಲ್ಲಿ ಒಂದೊಂದು ಕೆಲಸ ಮಾಡುತ್ತೆ. ಕೆಟ್ಟದ್ದೇ ಹೆಚ್ಚು ಕಡೆ ಕೂತರೆ ಹೆಣ್ಣಿನ ಮೂತ್ರಪಿಂಡವೂ ಹಾಳಾಗುತ್ತೆ, ನಿಧಾನಕ್ಕೆ. ನೀನು ಹೊತ್ತು ತಿರುಗ್ತಿರೋಳು ಮಾತ್ರ ಅಲ್ಲಮ್ಮ, ರೋಗಿನೂ ಹೌದು."

"ನನಗೂ ಡಯಾಲಿಸಿಸ್..."

"ಇವತ್ತಲ್ಲ, ನಾಳೆನೂ ಅಲ್ಲ. ಸೋರಿಕೆ ತಗ್ಗಿಸೋಕೆ ಮಾತ್ರೆ ಇದೆ. ಬೇಗ ಶುರು ಮಾಡಿದಷ್ಟೂ ಮೂತ್ರಪಿಂಡ ಹೆಚ್ಚು ಕಾಲ ಬರುತ್ತೆ. ಡಯಾಲಿಸಿಸ್ ಯಾವತ್ತೂ ಬೇಕಾಗಲ್ಲ ಅಂತ ನಾನು ಮಾತು ಕೊಡಲ್ಲ. ಮದುವೆ, ಮಗು ಅಂತ ಯೋಚನೆ ಬಂದಾಗ ಮೊದಲು ನನ್ನ ಹತ್ರ ಬಾ. ಈ ಮಾತ್ರೆ ಬಸುರಲ್ಲಿ ತಗೋಬಾರದು. ನಿಮ್ಮಮ್ಮನ್ನೂ ಕರ್ಕೊಂಡು ಬಾ. ಆ ಬಿಪಿ ಬರೀ ಬಿಪಿ ಅಂತ ನನಗೆ ಅನ್ನಿಸ್ತಿಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕೂತೇ ಇದ್ದಳು. ಅಳು ಬರಲಿಲ್ಲ. ವಿಚಿತ್ರವೆಂದರೆ ಮೊದಲು ಬಂದದ್ದು ನಿರಾಳ. ಹಾಗಾದರೆ ನಾನು ಸೋಮಾರಿಯಲ್ಲ. ನನಗೆ ನಿಜವಾಗಿಯೂ ಸುಸ್ತಾಗಿತ್ತು...

ಆಮೇಲೆ ತಮ್ಮನ ಮುಖ ಕಣ್ಣಮುಂದೆ ಬಂತು. ನಿರಾಳ ಅಲ್ಲಿಗೆ ಮುಗಿಯಿತು.

ಕಾಲು ತಾನಾಗಿ ಹಾಸಿಗೆ ಅಂಗಡಿಯತ್ತ ನಡೆಯಿತು. ಅವನೊಬ್ಬನಿದ್ದಾನಲ್ಲ. ಮುಕ್ಕಾಲು ಪಾಲು ನಿಜ ಆಗಲೇ ಅವನಿಗೆ ಗೊತ್ತು, ಇನ್ನು ಕಾಲು ಪಾಲು ಹೇಳಿದರಾಯಿತು.

ಅವನು ಬಾಗಿಲ ಬಳಿ ಕೂತು ಹೊದಿಕೆಗೆ ಹೊಲಿಗೆ ಹಾಕುತ್ತಿದ್ದ. ಅವಳು ಎದುರಿಗೆ ಕೂತಳು.

"ನಾನು ಬರೀ ಕ್ಯಾರಿಯರ್ ಅಲ್ಲವಂತೆ..."

ಅವನು ಪಕಪಕ ನಕ್ಕುಬಿಟ್ಟ. "ಬರೀ ಕ್ಯಾರಿಯರ್ ತಗೊಂಡು ನಾನೇನ್ ಮಾಡ್ಲಿ? ಒಳಗೆ ಊಟ ತುಂಬಿಸ್ಕೊಂಡು ಬನ್ನಿ ಅಂತ ತಾನೇ ಅವತ್ತಿಂದ ಕಾಯ್ತಿರೋದು!"

ಅವಳಿಗೆ ಅರ್ಥವಾಗಲು ಒಂದಿಷ್ಟು ಸಮಯ ಬೇಕಾಯಿತು.

"ಊಟ...?"

"ಊಟದ ಕ್ಯಾರಿಯರ್ ರೀ. ಅವತ್ತು ಶೆಡ್ಡಿಗೆ ಬಂದು ಹೇಳಿದ್ರಲ್ಲ, ತರ್ತೀನಿ ಅಂತ." ಅವಳ ಮುಖ ನೋಡಿ ಅವನ ನಗು ನಿಂತಿತು. "ಯಾಕೆ? ಏನಾಯ್ತು?"

ಅವಳು ಹೇಳಿದಳು. ಈ ಸಲ ಯಂತ್ರ ನಿಂತಿತ್ತು, ಪ್ರತಿ ಪದವೂ ಕೇಳಿಸಿತು. ತವರಿನ ಕಾಯಿಲೆ, ತನ್ನ ಮೈಯಲ್ಲಿರುವ ಬೀಜ, ಸೋರುತ್ತಿರುವ ಮೂತ್ರಪಿಂಡ, ಮುಂದೆ ಹುಟ್ಟುವ ಮಕ್ಕಳು... ಒಂದನ್ನೂ ಬಿಡಲಿಲ್ಲ.

ಅವನ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿತ್ತು. ಅವನು ಅದನ್ನೇ ನೋಡುತ್ತ ಕೂತ.

ಅವಳು ಎದ್ದಳು. "ನಿಮ್ಮಕ್ಕನಿಗೆ ಬರೋದು ಬೇಡ ಅನ್ನಿ."

ಅವನು ತಡೆಯಲಿಲ್ಲ.

*

ಮನೆಯಲ್ಲಿ ಅಮ್ಮ ಕೇಳಿ ಸಿಟ್ಟಾದಳು. "ಹೆಣ್ಣುಮಕ್ಕಳಿಗೆ ಬರಲ್ಲ ಅಂದಿದ್ರಲ್ಲ! ಆ ಡಾಕ್ಟ್ರಿಗೆ ಏನು ಗೊತ್ತು? ಬೇರೆ ಕಡೆ ತೋರಿಸೋಣ!" ಎಂದು ಕೂಗಾಡಿದಳು. ಕೂಗಿ ಕೂಗಿ ಸಾಕಾಗಿ, ತನ್ನ ಊದಿಕೊಂಡ ಕಾಲುಗಳನ್ನು ಮೊದಲ ಸಲ ಕಂಡವಳಂತೆ ನೋಡುತ್ತ ಕೂತಳು.

ತಮ್ಮ ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡ. ಆಮೇಲೆ ಹೇಳಿದ, "ಬಾ, ನಮ್ಮ ಸಂಘಕ್ಕೆ ಸ್ವಾಗತ. ಅಧ್ಯಕ್ಷ ನಾನೇ."

"ನಿನಗೆ ಕೊಡೋಕಾಗಲಿಲ್ವೋ..." ಈಗ ಅವಳಿಗೆ ಅಳು ಬಂತು.

"ನಾನು ಕೇಳಿದ್ನಾ? ಎಷ್ಟು ವರ್ಷದಿಂದ ಹೇಳ್ಬೇಕು ಅಂತಿದ್ದೆ, ನಿನ್ನದು ನನಗೆ ಬೇಡ ಅಂತ. ಧೈರ್ಯ ಬರಲಿಲ್ಲ, ಬದುಕೋ ಆಸೆ ನೋಡು. ನನ್ನ ಹೆಸರು ಸರದಿಯಲ್ಲಿದೆ. ಯಾವನೋ ಪುಣ್ಯಾತ್ಮನದು ಸಿಕ್ಕಾಗ ಸಿಗಲಿ. ಈಗ ನೀನು ಮಲಗು."

"ಕೆಲಸ ಇದೆ."

"ಮಲಗು ಅಂದ್ನಲ್ಲ! ಪಾತ್ರೆ ನಾನು ತೊಳಿತೀನಿ. ಒಂದು ಕೈ ಚೆನ್ನಾಗೇ ಇದೆ."

ದಿನಗಳು ಕಳೆದವು. ಅವನು ಬರಲಿಲ್ಲ. ಅವನ ಅಕ್ಕನೂ ಬರಲಿಲ್ಲ. ಅವಳು ಮಾತ್ರೆ ನುಂಗುತ್ತಿದ್ದಳು, ಲಾಂಡ್ರಿಯಲ್ಲಿ ಬಟ್ಟೆ ಇಸಿದುಕೊಂಡು ಟೋಕನ್ ಕೊಡುತ್ತಿದ್ದಳು, ಮಾತ್ರೆ ನುಂಗುತ್ತಿದ್ದಳು. ಟೀ ಕುಡಿಯಲು ಹೊರಗೆ ಹೋಗುವುದನ್ನು ಬಿಟ್ಟಳು. ಅವನ ಮೇಲೆ ಸಿಟ್ಟಾಗಲೂ ಆಗಲಿಲ್ಲ. ಹೆದರುವುದು ತಪ್ಪೇ? ತನಗೇ ಹೆದರಿಕೆಯಿಲ್ಲವೇ? ಒಳಗೆಲ್ಲೋ ಒಂದು ಆಸೆ ಮಾತ್ರ ಹಠ ಹಿಡಿದ ಮಗುವಿನಂತೆ ಬಾಗಿಲು ನೋಡುತ್ತಲೇ ಇತ್ತು. ಬೈದರೂ ಕೇಳುತ್ತಿರಲಿಲ್ಲ.

*

ಒಂದು ಮಧ್ಯಾಹ್ನ ಲಾಂಡ್ರಿಯ ಸಾಲಿನಲ್ಲಿ ಅವನು ನಿಂತಿದ್ದ. ಮೀಸೆಯ ಮೇಲೆ ಪುಡಿ ಇರಲಿಲ್ಲ. ಕೈ ಖಾಲಿ.

ಅವಳು ಮುಖ ಗಂಟಿಕ್ಕಿದಳು. "ಬಟ್ಟೆ ಎಲ್ಲಿ?"

"ತಂದಿಲ್ಲ."

"ಬಟ್ಟೆ ಇಲ್ದೆ ಟೋಕನ್ ಕೊಡಲ್ಲ."

"ಮೈಮೇಲಿರೋದು ಬಿಚ್ಚಿಕೊಟ್ರೆ ಇವರೆಲ್ಲ ಓಡಿಹೋಗ್ತಾರೆ."

ಅವನ ಹಿಂದೆ ದುಪ್ಪಟಿಯ ಗಂಟು ಹಿಡಿದು ನಿಂತಿದ್ದ ಅಜ್ಜಿ ಗದರಿದರು, "ಏನಪ್ಪ, ಬೇಗ ಮುಗಿಸು. ನನ್ನ ಕೈ ಬಿದ್ದುಹೋಗ್ತಿದೆ!"

ಅವನು ಪಕ್ಕಕ್ಕೆ ಸರಿದ. ಅಜ್ಜಿ ಹೋಗುವವರೆಗೂ ಕಾದ. ಸಾಲು ಕರಗಿತು. ಆಮೇಲೆ ಕೌಂಟರಿನ ಮೇಲೆ ಎರಡೂ ಕೈಯೂರಿ, ಅವಳಿಗೆ ಕೇಳಿಸುವಷ್ಟು ಜೋರಾಗಿ ಹೇಳಿದ.

"ಅವತ್ತು ನಾನು ಹೆದರಿಬಿಟ್ಟೆ."

"ಗೊತ್ತಾಯ್ತು."

"ಅಕ್ಕನಿಗೆ ಎಲ್ಲ ಹೇಳಿದೆ. ಬೇಡವೇ ಬೇಡ ಅಂದ್ಳು. ಅವಳ ಜೊತೆ ಜಗಳ ಆಡಿದೆ. ಆಡ್ತಾ ಆಡ್ತಾ ಗೊತ್ತಾಯ್ತು, ನಾನು ಜಗಳ ಆಡ್ತಿರೋದು ಅಕ್ಕನ ಜೊತೆ ಅಲ್ಲ, ನನ್ನ ಜೊತೆ. ಅವಳು ಕೇಳಿದ್ದನ್ನೆಲ್ಲ ನಾನೂ ಒಳಗೊಳಗೆ ಕೇಳ್ಕೊಂಡಿದ್ದೆ."

"ಈಗ ಹೆದರಿಕೆ ಹೋಯ್ತಾ?"

"ಇಲ್ಲ. ಹೆದರ್ಕೊಂಡೇ ಬಂದಿದ್ದೀನಿ."

ಅವಳು ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಕರುಣೆ ತೋರಿಸೋಕೆ ಬಂದಿದ್ರೆ ಬೇಡ. ನಮ್ಮನೇಲಿ ಅದು ಬೇಕಾದಷ್ಟಿದೆ."

"ಕರುಣೆ ಆಗಿದ್ರೆ ಮಾರನೇ ದಿನವೇ ಬರ್ತಿದ್ದೆ. ಅದು ಬೇಗ ಬರುತ್ತೆ, ಬೇಗ ಹೋಗುತ್ತೆ. ಇದು ಹಾಗಲ್ಲ. ಅದಕ್ಕೇ ತಡ ಆಯ್ತು."

ಹಬೆ ಬುಸ್ಸೆಂದಿತು. ಅವಳು ತಲೆಯೆತ್ತಿ ನೋಡಿದಳು. ನಿದ್ದೆಗೆಟ್ಟು ಅವನ ಕಣ್ಣು ಒಳಗೆ ಹೋಗಿತ್ತು.

"ಮಕ್ಕಳ ವಿಷಯ..." ಎಂದಳು. "ಹುಟ್ಟಿದ್ರೆ ಅವಕ್ಕೂ ಬರಬಹುದು. ಅರ್ಧಕ್ಕರ್ಧ ಸಂಭವ ಅಂತೆ."

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇದೆ ಅಂದ್ರೆ ಸುಳ್ಳಾಗುತ್ತೆ. ಡಾಕ್ಟರನ್ನ ಇಬ್ರೂ ಹೋಗಿ ಕೇಳೋಣ, ಇಬ್ರೂ ಕೂತು ಯೋಚಿಸೋಣ. ಮಕ್ಕಳು ಬೇಡ ಅನ್ನಿಸಿದ್ರೆ ಬೇಡ."

"ಮುಂದೆ ನಾನು ತಮ್ಮನ ಥರ ಆದ್ರೆ?"

"ಆದಾಗ ನಾನು ಪಕ್ಕದಲ್ಲಿರ್ತೀನಿ. ಗೊಣಗ್ತೀನಿ, ಬೇಜಾರು ಮಾಡ್ಕೋತೀನಿ, ಒಂದೊಂದ್ಸಲ ಸಿಟ್ಟೂ ಬರುತ್ತೆ. ಆದ್ರೆ ಇರ್ತೀನಿ."

ಅವಳು ಎಷ್ಟು ಜನರ ಜೊತೆ ಎಷ್ಟು ಆಸ್ಪತ್ರೆಯ ಬೆಂಚುಗಳ ಮೇಲೆ ಕೂತಿದ್ದಳು! ತಮ್ಮನ ಜೊತೆ, ಅಮ್ಮನ ಜೊತೆ, ಕೊನೆಗಾಲದಲ್ಲಿ ಮಾವಂದಿರ ಜೊತೆ. ತನ್ನ ಜೊತೆ ಬಾ ಎಂದು ಯಾರನ್ನೂ ಕರೆದಿರಲಿಲ್ಲ. ಕರೆಯುವುದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ರಕ್ತ ಕೊಡೋಕೆ ಹೋಗಬೇಕು," ಎಂದಳು. "ಒಬ್ಬಳೇ ಹೋಗೋಕೆ ನನಗೆ ಬೇಜಾರು. ಬರ್ತೀಯಾ?"

'ಬರ್ತೀರಾ' ಅಲ್ಲ, 'ಬರ್ತೀಯಾ.' ಅದು ಅವನಿಗೆ ಸರಿಯಾಗಿಯೇ ಕೇಳಿಸಿತು. ಕಣ್ಣು ತುಂಬಿಕೊಂಡು ಆಚೆ ನೋಡಿದ.

"ಬರ್ತೀನಿ... ಖಾಲಿ ಹೊಟ್ಟೆಲಿ ಹೋಗಬೇಕಾ?"

"ನಾನು ಮಾತ್ರ. ನೀನು ತಿಂಡಿ ತಿಂದ್ಕೊಂಡು ಬಾ."

"ಬೇಡ," ಎಂದ. "ನಿಂದು ಮುಗೀಲಿ. ಆಮೇಲೆ ಒಟ್ಟಿಗೆ ತಿನ್ನೋಣ."